ಕೊಬ್ಬರಿ-ಚಾಕಲೇಟು ಶೀಶೆಯ ಲೆಕ್ಕಾಚಾರ

ಬೆಳಗಿನ ಅವಸರದಲ್ಲಿ ಎರಡು ಹೋಳು ಬ್ರೆಡ್ಡಿಗೆ ಏನನ್ನಾದರೂ ಸವರಿ ಮಕ್ಕಳ ಟಿಫಿನ್ ಡಬ್ಬಿ ತುಂಬುವುದು ಈಗ ಅನೇಕ ಮನೆಗಳಲ್ಲಿ ರೂಢಿ. ಜಾಮ್ ಎಂದರೆ ಬರೀ ಸಕ್ಕರೆ ಎಂದು ಅದನ್ನು ಬಿಟ್ಟವರು ಕೊಬ್ಬರಿ-ಚಾಕಲೇಟು ಸ್ಪ್ರೆಡ್‌ನ ಶೀಶೆಗೆ ಕೈಹಾಕುತ್ತಾರೆ. ಕೊಬ್ಬರಿ ನಮ್ಮ ತಿಪಟೂರಿನ ಹೆಸರಾಂತ ಬೆಳೆ. ಕೋಕೋ ಕೂಡ ಪರಕೀಯವೇನಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅದು ಉಪಬೆಳೆ, ಪುತ್ತೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯ ಚಾಕಲೇಟು ಕಾರ್ಖಾನೆ 1986ರಲ್ಲೇ ಆರಂಭವಾಗಿತ್ತು. ಇಂಥ ಎರಡು ಪದಾರ್ಥ ಕೂಡಿದರೆ ಮಗುವಿಗೆ ಒಳ್ಳೆಯದೇ ಆಗಬೇಕಲ್ಲವೆ? ಉತ್ತರ ಬೇಕಾದರೆ ಶೀಶೆಯನ್ನು ಹಿಂದೆ ತಿರುಗಿಸಬೇಕು.

ಮೊದಲು ಬರೆದದ್ದೇ ಹೆಚ್ಚು

ನಮ್ಮ ದೇಶದ ಆಹಾರ ಕಾನೂನಿನಂತೆ ಪದಾರ್ಥಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಯಾವುದು ಹೆಚ್ಚಿದೆಯೋ ಅದು ಮೊದಲು. ಪಟ್ಟಿ ಸಕ್ಕರೆ, ತಾಳೆಎಣ್ಣೆ ಎಂದು ಆರಂಭವಾಗಿ ಕೊಬ್ಬರಿ ನಾಲ್ಕನೆಯದೋ ಐದನೆಯದೋ ಆಗಿದ್ದರೆ, ಅದು ಕೊಬ್ಬರಿಯ ಪರಿಮಳವಿರುವ ಸಕ್ಕರೆ-ಎಣ್ಣೆಯ ಮಿಶ್ರಣ ಎಂದೇ ತಿಳಿಯಬೇಕು. ಕೊಬ್ಬರಿಯೇ ಮೊದಲಿದ್ದರೆ ಅದು ಬೇರೆ ಜಾತಿ: ಒಣಕೊಬ್ಬರಿಯನ್ನು ಬೆಣ್ಣೆಯಂತಾಗುವವರೆಗೆ ಅರೆದು, ಕೋಕೋ ಪುಡಿ ಮತ್ತು ಬೆಲ್ಲ ಅಥವಾ ಸಕ್ಕರೆ ಸೇರಿಸಿದ್ದು. ‘ಆರೋಗ್ಯಕರ’ ಎಂಬ ಹೊಗಳಿಕೆ ಹೆಚ್ಚಾಗಿ ಸಲ್ಲುವುದು ಈ ಎರಡನೆಯದಕ್ಕೆ.

‘ಕೊಲೆಸ್ಟರಾಲ್ ಇಲ್ಲ’ ಎಂಬ ದಪ್ಪ ಅಕ್ಷರಗಳಿಗೆ ಮಾರುಹೋಗಬೇಡಿ. ಕೊಲೆಸ್ಟರಾಲ್ ಪ್ರಾಣಿಜನ್ಯ ಆಹಾರದ ವಸ್ತು. ಕೊಬ್ಬರಿಯಲ್ಲಿ ಅದು ಎಂದೂ ಇರಲಿಲ್ಲ.

ಒಂದು ಚಮಚದ ಲೆಕ್ಕ

ಏಳನೆಯ ತರಗತಿಯ ಗಣಿತ ಬಂದರೆ ಸಾಕು, ಮನೆಯಲ್ಲೇ ಮಾಡುವ ಸ್ಪ್ರೆಡ್‌ನ ಪೌಷ್ಟಿಕಾಂಶವನ್ನು ನಾವೇ ಕಂಡುಹಿಡಿಯಬಹುದು. ಒಣಕೊಬ್ಬರಿ ತುರಿ 100 ಗ್ರಾಮ್, ಬೆಲ್ಲದ ಪುಡಿ 50 ಗ್ರಾಮ್, ಸಕ್ಕರೆ ಬೆರೆಸದ ಕೋಕೋ ಪುಡಿ 20 ಗ್ರಾಮ್, ನುಣ್ಣಗಾಗಲು ಕೊಬ್ಬರಿ ಎಣ್ಣೆ 10 ಗ್ರಾಮ್ ಎಂದಿಟ್ಟುಕೊಳ್ಳಿ. ಒಟ್ಟು 180 ಗ್ರಾಮ್.

ಹಸಿ ತೆಂಗಿನಕಾಯಿಯಲ್ಲಿ ಅರ್ಧದಷ್ಟು ನೀರೇ ಇರುವುದರಿಂದ 100 ಗ್ರಾಮಿಗೆ ಸುಮಾರು 350 ಕ್ಯಾಲೊರಿ. ನೀರು ಆರಿದ ಕೊಬ್ಬರಿಯಲ್ಲಿ ಅದು 660ಕ್ಕೆ ಏರುತ್ತದೆ. ಬೆಲ್ಲದಿಂದ 190, ಕೋಕೋದಿಂದ 45, ಎಣ್ಣೆಯಿಂದ 90 ಸೇರಿದರೆ ಒಟ್ಟು 985 ಕ್ಯಾಲೊರಿ. ಇದನ್ನು 12 ಚಮಚಗಳಿಗೆ ಹಂಚಿದರೆ 15 ಗ್ರಾಮಿನ ಒಂದು ದೊಡ್ಡ ಚಮಚಕ್ಕೆ 82 ಕ್ಯಾಲೊರಿ. ಇದೇ ರೀತಿ ಉಳಿದವನ್ನೂ ಲೆಕ್ಕ ಹಾಕಿದರೆ ಸಿಗುವುದು: ಕೊಬ್ಬು ಆರು ಗ್ರಾಮಿಗೆ ತುಸು ಹೆಚ್ಚು, ಬೆಲ್ಲದಿಂದ ಬಂದ ಸಕ್ಕರೆ ಮೂರೂವರೆ ಗ್ರಾಮ್, ನಾರು ಎರಡು ಗ್ರಾಮಿಗೆ ಹತ್ತಿರ, ಪ್ರೋಟೀನು ಒಂದು ಗ್ರಾಮಿನಷ್ಟು.

ಈಗ ಹೋಲಿಕೆಗೆ ಜಗತ್ತಿನಲ್ಲೆಲ್ಲ ಹೆಸರಾದ, ಹೇಜಲ್ ಬೀಜದ ನ್ಯೂಟೆಲ್ಲಾ ತೆಗೆದುಕೊಳ್ಳೋಣ. ಅದರ ಯುರೋಪಿನ ಲೇಬಲ್ಲಿನಂತೆ 100 ಗ್ರಾಮಿಗೆ 539 ಕ್ಯಾಲೊರಿ, 56 ಗ್ರಾಮ್ ಸಕ್ಕರೆ, ಹತ್ತೂವರೆ ಗ್ರಾಮ್ ಪರ್ಯಾಪ್ತ ಕೊಬ್ಬು. ಅಂದರೆ ಲೇಬಲ್ಲಿನಲ್ಲಿ ಸ್ಯಾಚುರೇಟೆಡ್ ಫ್ಯಾಟ್ ಎಂದು ನಮೂದಿಸುವ ಅಂಶ. ಒಂದು ಚಮಚಕ್ಕೆ ಇಳಿಸಿದರೆ 81 ಕ್ಯಾಲೊರಿ, ಸಕ್ಕರೆ ಎಂಟೂವರೆ ಗ್ರಾಮ್, ಪರ್ಯಾಪ್ತ ಕೊಬ್ಬು 1.6 ಗ್ರಾಮ್. ನಮ್ಮ ಮನೆಯ ಮಿಶ್ರಣದಲ್ಲಿ ಸಕ್ಕರೆ ಅದರ ಅರ್ಧಕ್ಕಿಂತ ಕಡಿಮೆ, ನಿಜ. ಆದರೆ ಪರ್ಯಾಪ್ತ ಕೊಬ್ಬು ಐದೂವರೆ ಗ್ರಾಮ್, ಅಂದರೆ ಮೂರು ಪಟ್ಟಿಗೂ ಹೆಚ್ಚು. ಕ್ಯಾಲೊರಿ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ!

ಲಾರಿಕ್ ಆಮ್ಲದ ಮಹಿಮೆ

ಧನುರ್ಮಾಸದ ಚಳಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಹಾಗಾಗುವುದಿಲ್ಲ. ಕೊಬ್ಬರಿ ಎಣ್ಣೆಯ ಶೇಕಡಾ 80ಕ್ಕೂ ಹೆಚ್ಚು ಭಾಗ ಪರ್ಯಾಪ್ತವಾಗಿರುವುದೇ ಇದಕ್ಕೆ ಕಾರಣ. ಅದರ ಅಣುಸರಪಳಿಗಳು ನೆಟ್ಟಗಿರುವುದರಿಂದ ಸೌದೆಯ ಕಟ್ಟಿನಂತೆ ಒತ್ತೊತ್ತಾಗಿ ಕೂರುತ್ತವೆ.

ಇದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ‘ಇದು ಮಧ್ಯಮ ಸರಪಳಿಯ ಕೊಬ್ಬು, ನೇರವಾಗಿ ಯಕೃತ್ತಿಗೆ ಹೋಗಿ ಉರಿದುಹೋಗುತ್ತದೆ, ಮೈಗೆ ಹತ್ತುವುದಿಲ್ಲ’ ಎಂಬ ಪ್ರಚಾರವುಂಟು. ಹಾಗೆ ಬೇಗ ಉರಿಯುವವು ಮುಖ್ಯವಾಗಿ ಎಂಟು ಮತ್ತು ಹತ್ತು ಇಂಗಾಲದ ಸರಪಳಿಗಳು. ಲಾರಿಕ್ ಆಮ್ಲದಲ್ಲಿ ಇಂಗಾಲ ಹನ್ನೆರಡು. ಅದರ ಬಹುಪಾಲು ಉಳಿದ ಕೊಬ್ಬಿನ ದಾರಿಯಲ್ಲೇ ರಕ್ತ ಸೇರುತ್ತದೆ. ಅದು ಒಳ್ಳೆಯ ಕೊಲೆಸ್ಟರಾಲನ್ನು ಏರಿಸುತ್ತದೆ, ಜೊತೆಗೆ ಕೆಟ್ಟದ್ದನ್ನೂ ಏರಿಸುತ್ತದೆ. ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದಾಗ ಕೊಬ್ಬರಿ ಎಣ್ಣೆ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ತೋರಿಸಿತು.

ಪರ್ಯಾಪ್ತ ಕೊಬ್ಬಿನಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಭಾಗ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಸುಮಾರು 1,700 ಕ್ಯಾಲೊರಿ ಬೇಕಾಗುವ ಎಂಟು ವರ್ಷದ ಮಗುವಿಗೆ ಇದು 19 ಗ್ರಾಮ್. ಎರಡು ಚಮಚ ಕೊಬ್ಬರಿ ಸ್ಪ್ರೆಡ್ ತಿಂದರೆ ಅದರ ಅರ್ಧಕ್ಕಿಂತ ಹೆಚ್ಚು ಬೆಳಗ್ಗೆಯೇ ಮುಗಿಯಿತು. ಹಾಲು, ತುಪ್ಪ, ಮಧ್ಯಾಹ್ನದ ಪಲ್ಯದ ಕಾಯಿತುರಿ ಇನ್ನೂ ಬಾಕಿ.

ಕಬ್ಬಿಣ ಎಷ್ಟು, ಪ್ರೋಟೀನು ಎಷ್ಟು?

ಕೋಕೋ ಪುಡಿಯಲ್ಲಿ ಕಬ್ಬಿಣ, ಮೆಗ್ನೀಸಿಯಂ ಧಾರಾಳವಾಗಿವೆ ಎಂಬುದು ಸುಳ್ಳಲ್ಲ. 100 ಗ್ರಾಮಿನಲ್ಲಿ ಸುಮಾರು 14 ಮಿಲಿಗ್ರಾಮ್ ಕಬ್ಬಿಣವಿದೆ. ಆದರೆ ಕೋಕೋವನ್ನು 100 ಗ್ರಾಮ್ ತಿನ್ನುವವರಾರು? ನಮ್ಮ ಚಮಚದಲ್ಲಿರುವ ಕೋಕೋ ಎರಡು ಗ್ರಾಮಿಗೂ ಕಡಿಮೆ, ಅದರಿಂದ ಬರುವ ಕಬ್ಬಿಣ 0.2 ಮಿಲಿಗ್ರಾಮ್. ಆ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 15 ಮಿಲಿಗ್ರಾಮ್. ಅಲ್ಲದೆ ಚಹಾದಂತೆ ಕೋಕೋದಲ್ಲೂ ಇರುವ ಒಗರಿನ ಅಂಶಗಳು ಕಬ್ಬಿಣ ರಕ್ತಕ್ಕೆ ಸೇರುವುದನ್ನು ಕುಂಠಿತಗೊಳಿಸುತ್ತವೆ.

ಪ್ರೋಟೀನಿನ ಕತೆಯೂ ಇಷ್ಟೆ. ಮಗುವಿಗೆ ದಿನಕ್ಕೆ 23 ಗ್ರಾಮ್ ಬೇಕಾದರೆ ಚಮಚದಲ್ಲಿ ಸಿಗುವುದು ಒಂದು. ಒಂದು ಲೋಟ ಹಾಲೋ ಒಂದು ಮೊಟ್ಟೆಯೋ ಆರು ಗ್ರಾಮ್ ಕೊಡುತ್ತದೆ.

ಹಾಗಾದರೆ ಬೇಡವೆ?

ಬೇಡವೆನ್ನಲು ಕಾರಣವಿಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲೂ ಕೊಬ್ಬರಿ, ಬೆಲ್ಲ ಇವೆ. ಅದನ್ನು ಹಿಡಿಯಷ್ಟು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿಯುತ್ತೇವೆ, ವರ್ಷಕ್ಕೊಮ್ಮೆ ಹಂಚಿಕೊಂಡು ತಿನ್ನುತ್ತೇವೆ. ಅರೆದು ಬೆಣ್ಣೆಯಂತಾದ ಕೊಬ್ಬರಿಯನ್ನು ಜಗಿಯಬೇಕಿಲ್ಲ, ಚಮಚ ಎಷ್ಟು ಸಲ ಶೀಶೆಗೆ ಹೋಗಿಬಂತೆಂಬ ಲೆಕ್ಕವೂ ಸಿಗುವುದಿಲ್ಲ. ಅಪಾಯವಿರುವುದು ಇಲ್ಲಿಯೇ.

ಆದ್ದರಿಂದ ಅಂಗಡಿಯಲ್ಲಿ ಕೊಳ್ಳುವಾಗ ಪಟ್ಟಿಯ ಮೊದಲ ಮೂರು ಹೆಸರು ಓದಿ. ಸಕ್ಕರೆ ಮತ್ತು ಪರ್ಯಾಪ್ತ ಕೊಬ್ಬು ಎರಡೂ ಸಾಲುಗಳನ್ನು ನೋಡಿ. ಮನೆಯಲ್ಲೇ ಮಾಡುವವರು ಕೊಬ್ಬರಿಯ ಅರ್ಧ ಭಾಗದ ಬದಲು ಹುರಿದ ಶೇಂಗಾ ಹಾಕಿದರೆ ಪರ್ಯಾಪ್ತ ಕೊಬ್ಬು ಇಳಿದು ಪ್ರೋಟೀನು ಏರುತ್ತದೆ, ಖರ್ಚೂ ಉಳಿಯುತ್ತದೆ. ಒದ್ದೆ ಚಮಚ ಅದ್ದಬೇಡಿ. ನೀರಿನಂಶ ಇಲ್ಲದಿರುವುದರಿಂದಲೇ ಅದು ಬೂಸಲು ಹಿಡಿಯದೆ ಉಳಿಯುವುದು. ಒಂದು ಹೋಳಿಗೆ ಒಂದು ಟೀ ಚಮಚ ತೆಳ್ಳಗೆ ಸವರಿ, ಪಕ್ಕದಲ್ಲಿ ಒಂದು ಲೋಟ ಹಾಲಿಡಿ. ರುಚಿಗೆಂದು ತಿಂದರೆ ಅದು ಒಳ್ಳೆಯ ತಿನಿಸು. ಪುಷ್ಟಿಗೆಂದು ನಂಬಿ ಅದರಿಂದಲೇ ಮಗುವಿನ ಹೊಟ್ಟೆ ತುಂಬಿಸಹೊರಟರೆ ಮಾತ್ರ ಲೆಕ್ಕ ತಪ್ಪುತ್ತದೆ.