ಗಾಜಿನ ತೊಟ್ಟಿಯ ಪಾಚಿಗೆ ಯಾವ ಮೀನು ತಕ್ಕುದು?

ಈಚಿನ ವರ್ಷಗಳಲ್ಲಿ ನಮ್ಮ ಸಂಪಾಜೆ ಭಾಗದ ಅನೇಕ ಮನೆಗಳ ಜಗಲಿಯ ಮೇಲೆ ಮೀನಿನ ಗಾಜಿನ ತೊಟ್ಟಿ ಕಾಣಸಿಗುತ್ತದೆ. ಅಡಿಕೆ, ಕಾಳುಮೆಣಸಿನ ಸಂಗತಿ ಮಾತನಾಡಲು ಹೋದವನನ್ನು ಮಕ್ಕಳು ಮೊದಲು ಅದರ ಮುಂದೆ ಕರೆದೊಯ್ದು ನಿಲ್ಲಿಸುತ್ತಾರೆ. ಆಗ ಮನೆಯವರು ಕೇಳುವ ಪ್ರಶ್ನೆಯೂ ಸಾಮಾನ್ಯವಾಗಿ ಒಂದೇ: "ಗಾಜಿಗೆ ಹಸುರು ಹಿಡಿಯುತ್ತದೆ. ಅದನ್ನು ತಿಂದು ಹಾಕುವ ಮೀನು ಯಾವುದುಂಟು?" ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪಾಚಿ ಎಂಬುದೂ ಒಂದು ಬೆಳೆಯೇ. ಬೆಳಕು ಮತ್ತು ಗೊಬ್ಬರ ದೊರೆತಲ್ಲಿ ಅದು ಬೆಳೆಯುತ್ತದೆ. ತೊಟ್ಟಿಯಲ್ಲಿ ಗೊಬ್ಬರ ಎಲ್ಲಿಂದ ಬಂತೆಂದರೆ, ನಾವು ಹಾಕುವ ಹೆಚ್ಚಿನ ತಿಂಡಿಯಿಂದ ಮತ್ತು ಮೀನಿನ ಹಿಕ್ಕೆಯಿಂದ. ಪಾಚಿ ತಿನ್ನುವ ಮೀನೂ ಹಿಕ್ಕೆ ಹಾಕುತ್ತದೆ ಎಂಬುದನ್ನು ಮರೆಯಬಾರದು. ಆದುದರಿಂದ ತೊಟ್ಟಿಯನ್ನು ಬಿಸಿಲು ನೇರವಾಗಿ ಬೀಳದ ಕಡೆ ಇಡಬೇಕು. ದೀಪವನ್ನು ದಿನಕ್ಕೆ ಆರರಿಂದ ಎಂಟು ಗಂಟೆಗಿಂತ ಹೆಚ್ಚು ಉರಿಸಬಾರದು. ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟು ತಿಂಡಿ ಮಾತ್ರ ಹಾಕಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಬೇಕು. ಇಷ್ಟನ್ನು ಮಾಡಿದವರ ಮನೆಯಲ್ಲಿ ಪಾಚಿಯ ದೂರು ಅರ್ಧಕ್ಕೆ ಇಳಿದಿರುವುದನ್ನು ಕಂಡಿದ್ದೇನೆ. ಮೀನಿನ ಮಾತು ಉಳಿದ ಅರ್ಧಕ್ಕೆ.

ಮೀನು ತರುವ ಮುನ್ನ ತೊಟ್ಟಿಯಲ್ಲಿರುವುದು ಯಾವ ಪಾಚಿ ಎಂದು ನೋಡಿಕೊಳ್ಳಿ. ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರ ಕಂದು ಬಣ್ಣದ ಧೂಳಿನಂತೆ ಕೂರುವುದು ಬೆರಳಿನಿಂದ ಒರೆಸಿದರೆ ಹೋಗುತ್ತದೆ; ಅದು ತಾನಾಗಿಯೇ ಕಡಿಮೆಯಾಗುವುದುಂಟು. ಗಾಜಿನ ಮೇಲೆ ಗಟ್ಟಿಯಾಗಿ ಕೂತ ಹಸುರು ಚುಕ್ಕೆಗಳನ್ನು ಹೆಚ್ಚಿನ ಮೀನುಗಳು ಮುಟ್ಟುವುದಿಲ್ಲ. ಅದಕ್ಕೆ ಹಳೆಯ ಬ್ಲೇಡೇ ಮದ್ದು. ನೀರೇ ಹಸುರಾಗಿದ್ದರೆ ಗಾಜು ನೆಕ್ಕುವ ಮೀನಿನಿಂದ ಏನೂ ಪ್ರಯೋಜನವಿಲ್ಲ, ಬೆಳಕು ತಗ್ಗಿಸಬೇಕು. ನೀಲಿಹಸುರು ಬಣ್ಣದ, ಲೋಳೆಯಾದ, ವಾಸನೆ ಬರುವ ಹಾಳೆಯಂತಹುದನ್ನು ಯಾವ ಮೀನೂ ತಿಂದು ತೀರಿಸದು. ಕೊಳವೆಯಿಂದ ಹೀರಿ ಹೊರಗೆ ತೆಗೆಯಬೇಕು. ಉಳಿದದ್ದು ಮೆತ್ತಗಿನ ಹಸುರು ಪಾಚಿ ಮತ್ತು ಕೂದಲಿನಂತಹ ಪಾಚಿ. ಮೀನು ಕೆಲಸಕ್ಕೆ ಬರುವುದು ಈ ಎರಡಕ್ಕೆ.

ಅಂಗಡಿಗೆ ಹೋಗಿ ಪಾಚಿ ತಿನ್ನುವ ಮೀನು ಬೇಕೆಂದರೆ ನೂರಕ್ಕೆ ತೊಂಬತ್ತು ಪಾಲು ಕೈಗೆ ಬರುವುದು ಸಕ್ಕರ್ ಮೀನು. ಮೈಯೆಲ್ಲ ಗಟ್ಟಿ ಫಲಕ, ಕೆಳಮುಖವಾದ ಬಾಯಿ, ಎರಡು ಅಂಗುಲ ಉದ್ದ. ನೋಡಲು ಪಾಪದ ಪ್ರಾಣಿ. ಅಗ್ಗವೂ ಹೌದು. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಬೆಳೆದರೆ ಒಂದೂವರೆ ಅಡಿಯಾಗುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಡಿಪ್ಲೊಮಾ ಓದುವಾಗ ನಾನೂ ಕೇಳದೆ ಎರಡನ್ನು ತಂದಿದ್ದೆ. ವರ್ಷ ತುಂಬುವುದರೊಳಗೆ ಅವು ತೊಟ್ಟಿಯಲ್ಲಿ ತಿರುಗಲಾರದಷ್ಟಾದವು. ದೊಡ್ಡದಾದಂತೆ ಪಾಚಿ ಬಿಟ್ಟು ತಿಂಡಿಯನ್ನೇ ಕಾಯತೊಡಗಿದವು. ಅವುಗಳ ಹಿಕ್ಕೆಯಿಂದ ಪಾಚಿ ಮೊದಲಿಗಿಂತ ಹೆಚ್ಚಾಯಿತು.

ಹೀಗೆ ಬೆಳೆದುದನ್ನು ಏನು ಮಾಡುವುದು? ಕೊಲ್ಲಲು ಮನಸ್ಸು ಬಾರದೆ ಜನ ತೋಡಿಗೆ ಬಿಡುತ್ತಾರೆ. ಪುಣ್ಯದ ಕೆಲಸವೆಂದೇ ಬಿಡುತ್ತಾರೆ. ನಾನು ಈ ಲೇಖನ ಬರೆಯಲು ಮುಖ್ಯ ಕಾರಣವೂ ಇದೇ. ನಮ್ಮ ಊರಿನ ತೋಡುಗಳೆಲ್ಲ ಸೇರುವುದು ಪಯಸ್ವಿನಿಯನ್ನು. ಅದು ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯೆನಿಸಿ ಕಡಲು ಸೇರುತ್ತದೆ. ಸಕ್ಕರ್ ಮೀನು ಗಾಳಿಯನ್ನು ನುಂಗಿ ಉಸಿರಾಡಬಲ್ಲದು. ಕೆಟ್ಟ ನೀರಿನಲ್ಲಿಯೂ, ನೀರಿನ ಹೊರಗೆ ಗಂಟೆಗಟ್ಟಲೆಯೂ ಬದುಕುತ್ತದೆ. ಮೊಟ್ಟೆಯಿಡಲು ದಂಡೆಯಲ್ಲಿ ಎರಡು ಮೂರು ಅಡಿ ಆಳದ ಬಿಲ ಕೊರೆಯುತ್ತದೆ. ಹೊಳೆಬದಿಯಲ್ಲಿ ತೋಟವಿರುವವರು ಈ ಮಾತನ್ನು ಮತ್ತೊಮ್ಮೆ ಓದಬೇಕು. ಕೇರಳದ ನೀರುಗಳಲ್ಲಿ, ಕೊಲ್ಕತ್ತದ ಜೌಗು ಪ್ರದೇಶದಲ್ಲಿ, ಆಂಧ್ರಪ್ರದೇಶದಲ್ಲಿ ಇದು ಈಗಾಗಲೇ ಬೇರೂರಿದೆ. ಅದರ ಮುಳ್ಳಿಗೆ ಸಿಕ್ಕು ಮೀನುಗಾರರ ಬಲೆಗಳು ಹರಿಯುತ್ತವೆ.

"ನಾವು ಹೊಳೆಗೆ ಬಿಡುವುದಿಲ್ಲ, ತೋಟದ ಕೆರೆಗೆ ಬಿಡುತ್ತೇವೆ" ಎನ್ನುವವರೂ ಇದ್ದಾರೆ. ನಮ್ಮ ಮಳೆಗಾಲದಲ್ಲಿ ತುಂಬಿ ಹರಿಯದ ಕೆರೆ ಯಾವುದು? 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡಗಳು ಜರಿದಾಗ ಮರ, ಮಣ್ಣು, ಮನೆಯ ಸಾಮಾನುಗಳೇ ನೀರಿನಲ್ಲಿ ಕೆಳಗೆ ಹೋದುದನ್ನು ನಾವು ನೋಡಿದ್ದೇವೆ. ಕೆರೆಯ ಮೀನು ಕೆರೆಯಲ್ಲಿಯೇ ಇರುವುದೆಂಬ ಭರವಸೆ ನಮ್ಮ ಊರಿಗೆ ಸಲ್ಲುವುದಿಲ್ಲ. ಸಾಕಲಾಗದ ಸಕ್ಕರ್ ಮೀನನ್ನು ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿಯಿರುವವರಿಗೆ ಕೊಡಿ. ಯಾರೂ ಒಲ್ಲದಿದ್ದರೆ ಕೊಂದು ತೆಂಗಿನ ಬುಡಕ್ಕೆ ಹೂಳುವುದೇ ಸರಿ. ಕೇಳಲು ಕಠಿಣವಾದರೂ ಹೊಳೆಗೆ ಬಿಡುವುದಕ್ಕಿಂತ ಅದು ಲೇಸು.

ಹಾಗಾದರೆ ತರತಕ್ಕುದು ಯಾವುದು? ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಜಲ್ಲಿ ಮತ್ತು ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45 ಲೀಟರ್ ನೀರು ನಿಲ್ಲುತ್ತದೆ. ಅದಕ್ಕೆ ನಾನು ಹೇಳುವುದು ಮೋಲಿ ಮೀನು, ನಾಲ್ಕೈದು ಸಾಕು. ಇದು ದಿನವಿಡೀ ಗಾಜು, ಕಲ್ಲು, ಗಿಡಗಳ ಮೇಲಿನ ಪಾಚಿಯನ್ನು ಮೇಯುತ್ತದೆ; ಕೂದಲು ಪಾಚಿಯನ್ನೂ ಬಿಡದು. ಬೆಳೆದರೂ ಮೂರು ನಾಲ್ಕು ಅಂಗುಲ. ಮೊಟ್ಟೆಯಿಡದೆ ಮರಿಯನ್ನೇ ಹಾಕುವುದರಿಂದ ಮಕ್ಕಳಿಗೆ ಬಲು ಪ್ರೀತಿ. ಮರಿಗಳು ಬೇಗ ಹೆಚ್ಚುತ್ತವೆ, ಆದುದರಿಂದ ಒಂದೇ ಜಾತಿಯ ಗಂಡುಗಳನ್ನು ಮಾತ್ರ ತಂದರೆ ತೊಂದರೆಯಿಲ್ಲ. ಗಂಡಿನ ಹೊಟ್ಟೆಯ ಕೆಳಗಿನ ಈಜುರೆಕ್ಕೆ ಕಡ್ಡಿಯಂತೆ ಚೂಪಾಗಿರುತ್ತದೆ, ಹೆಣ್ಣಿನದು ಬೀಸಣಿಗೆಯಂತೆ ಅಗಲವಾಗಿರುತ್ತದೆ.

ಮೋಲಿಗೆ ಒಂದು ಅಡ್ಡಿಯುಂಟು. ಅದಕ್ಕೆ ಬೇಕಾದುದು ಗಡಸು ನೀರು. ಘಟ್ಟದ ಕೆಳಗಿನ ನಮ್ಮ ಬಾವಿ ಮತ್ತು ತೋಡಿನ ನೀರು ಮೆದು, ಸ್ವಲ್ಪ ಹುಳಿಯ ಕಡೆಗೇ ಇರುವಂಥದು. ಈ ನೀರಿನಲ್ಲಿ ಮೋಲಿ ಕೆಲವು ದಿನ ಚೆನ್ನಾಗಿದ್ದು, ಆಮೇಲೆ ನಿಂತಲ್ಲೇ ಮೈಯನ್ನು ಅಲುಗಾಡಿಸುತ್ತ ಸೊರಗುವುದುಂಟು. ರೋಗವೆಂದು ತಿಳಿದು ಮದ್ದು ಹಾಕುವವರೇ ಹೆಚ್ಚು. ಸುಲಭ ಉಪಾಯವೆಂದರೆ ಕರಾವಳಿಯ ಮರುವಾಯಿ ಚಿಪ್ಪು. ಮಂಗಳೂರು ಕಡೆಯಿಂದ ಬರುವ ನೆಂಟರಿಗೆ ಹೇಳಿ ತರಿಸಿ, ಕುದಿಸಿ, ತೊಳೆದು, ಜಜ್ಜಿ ಒಂದು ಹಿಡಿಯಷ್ಟು ಜಲ್ಲಿಯ ನಡುವೆ ಸೇರಿಸಿ. ಅದು ನಿಧಾನವಾಗಿ ಕರಗಿ ನೀರಿಗೆ ಸುಣ್ಣದ ಅಂಶ ಕೊಡುತ್ತದೆ. ಸುಣ್ಣದ ಪುಡಿಯನ್ನೇ ಹಾಕಕೂಡದು. ಮೀನು ಒಂದೇ ದಿನದಲ್ಲಿ ಸಾಯಬಹುದು.

ಮೂರಡಿ ಅಥವಾ ಹೆಚ್ಚು ಉದ್ದದ ತೊಟ್ಟಿಯಿದ್ದರೆ ಸಯಾಮಿ ಪಾಚಿಮೀನು ಉತ್ತಮ. ಆರು ಅಂಗುಲ ಬೆಳೆಯುತ್ತದೆ, ಮೆದು ನೀರಿಗೂ ಒಗ್ಗುತ್ತದೆ. ಆದರೆ ಇದರ ಹೆಸರಿನಲ್ಲಿ ಬೇರೆ ಮೀನುಗಳನ್ನು ಮಾರುವುದುಂಟು. ಬದಿಯ ಕಪ್ಪು ಪಟ್ಟೆ ಬಾಲದ ರೆಕ್ಕೆಯ ತುದಿಯವರೆಗೂ ಹೋಗಿದ್ದರೆ, ಉಳಿದ ರೆಕ್ಕೆಗಳು ಬಣ್ಣವಿಲ್ಲದೆ ತೆಳುವಾಗಿದ್ದರೆ ಅದು ನಿಜವಾದದ್ದು. ಚೀನಾ ಪಾಚಿಮೀನೆಂದು ಹಳದಿ ಬಣ್ಣದ್ದೊಂದು ಬರುತ್ತದೆ. ಅದು ಮರಿಯಾಗಿದ್ದಾಗ ಸಾಧು. ಬಲಿತ ಮೇಲೆ ಬೇರೆ ಮೀನುಗಳ ಮೈಗೆ ಅಂಟಿ ಲೋಳೆ ಹೀರುತ್ತದೆ. ಬೇಡ. ಸಯಾಮಿ ಮೀನು ಹಾರುವಂಥದು, ತೊಟ್ಟಿಗೆ ಮುಚ್ಚಳವಿರಲಿ.

ಹೊಳೆಯ ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆಯುವ ನಮ್ಮದೇ ಸಣ್ಣ ಮೀನನ್ನು ಏಕೆ ತರಬಾರದೆಂದು ಹುಡುಗರು ಕೇಳುತ್ತಾರೆ. ಶಾಸ್ತ್ರಜ್ಞರು ಇದನ್ನು ಗಾರ್ರಾ ಎಂದು ಕರೆಯುತ್ತಾರೆ. ಪಾಚಿ ತಿನ್ನುವುದರಲ್ಲಿ ಇದನ್ನು ಮೀರಿಸುವ ಮೀನು ಕಡಿಮೆ. ಆದರೆ ಇದು ರಭಸದ, ತಂಪು ನೀರಿನಲ್ಲಿ ಬಾಳುವ ಮೀನು. ಪಂಪು ಇಟ್ಟು ನೀರನ್ನು ಸದಾ ಓಡಿಸಲಾಗದ ತೊಟ್ಟಿಯಲ್ಲಿ ಏದುಸಿರು ಬಿಟ್ಟು ಸಾಯುತ್ತದೆ. ಬೇಸಿಗೆಗೆ ಮುನ್ನ ನೀರು ತಿಳಿಯಾದಾಗ ಹೊಳೆಗಲ್ಲಿನ ಮೇಲೆ ಕೂತು ನೋಡುವುದೇ ಚೆಂದ. ಇನ್ನು ಕೆಂಪು ಗೆರೆ, ಕಪ್ಪು ಗೆರೆಯ ಮಿಸ್ ಕೇರಳ ಮೀನೂ ಪಾಚಿ ಮೇಯುತ್ತದೆಂದು ಹೆಸರಾಗಿದೆ. ಫ್ರಾನ್ಸಿಸ್ ಡೇ ಎಂಬವರು 1865ರಲ್ಲಿ ಮೊದಲು ವರ್ಣಿಸಿದ ಈ ಮೀನಿಗೆ ಲೋಕದಲ್ಲಿ ಇರುವ ಕೆಲವೇ ನೆಲೆಗಳಲ್ಲಿ ಚಂದ್ರಗಿರಿಯೂ ಒಂದು. ತೊಟ್ಟಿಯ ವ್ಯಾಪಾರಕ್ಕೆಂದು ಹಿಡಿದು ಹಿಡಿದೇ ಅದು ಅಳಿವಿನ ಅಪಾಯಕ್ಕೆ ಬಂತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದಾಗ ಅದನ್ನೂ ಪಟ್ಟಿಗೆ ಸೇರಿಸಲಾಯಿತು. ಹೊಳೆಯಿಂದ ಹಿಡಿಯಕೂಡದು.

ಬಸವನಹುಳುವಿನ ವಿಷಯದಲ್ಲಿಯೂ ಎಚ್ಚರ ಬೇಕು. ಚಪ್ಪಟೆ ಸುರುಳಿಯ ಸಣ್ಣ ಜಾತಿ ಪಾಚಿಯನ್ನು ಚೆನ್ನಾಗಿ ತಿನ್ನುತ್ತದೆ, ಅದು ಸಾಕು. ಹಳದಿಯ ದೊಡ್ಡ ಹುಳುವನ್ನು ಗದ್ದೆಯಿರುವವರು ಮನೆಗೆ ತರದಿರುವುದು ಕ್ಷೇಮ. ಇದರ ಹತ್ತಿರದ ದಾಯಾದಿಯನ್ನು 1980ರ ದಶಕದಲ್ಲಿ ಫಿಲಿಪ್ಪೀನ್ಸಿಗೆ ಆಹಾರಕ್ಕೆಂದು ತಂದರು. ಅದು ಗದ್ದೆಗಿಳಿದು ಎಳೆಯ ಭತ್ತದ ಸಸಿಯನ್ನೇ ತಿನ್ನತೊಡಗಿತು. ಹೊರಗಿನಿಂದ ಬಂದ ಹುಳುವಿನ ಕಷ್ಟವೇನೆಂದು ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರರನ್ನು ಕೇಳಿದರೆ ಆಫ್ರಿಕದ ಹುಳುವಿನ ಕತೆ ಹೇಳುತ್ತಾರೆ.

ನಮ್ಮ ಅಡಿಕೆ ಸೀಮೆಗೇ ಸೇರಿದ ಮಾತೊಂದಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟು, ಕೊಳವೆಗಳನ್ನು ಎಷ್ಟೇ ತೊಳೆದಿದ್ದರೂ ಮೀನಿನ ನೀರಿಗೆ ಬಳಸಬಾರದು. ಮೈಲುತುತ್ತದ ತಾಮ್ರ ಮೀನಿಗೆ ವಿಷ. ಬಸವನಹುಳುವಿಗಂತೂ ಹೇಳುವುದೇ ಬೇಡ. ನೀರು ಮೆದುವಾದಷ್ಟೂ ಆ ವಿಷದ ಬಲ ಹೆಚ್ಚು. ಪಾಚಿ ಸಾಯಲೆಂದು ಒಂದು ಹರಳು ಮೈಲುತುತ್ತ ತೊಟ್ಟಿಗೆ ಹಾಕಿದವರ ಮನೆಯಲ್ಲಿ ಮರುದಿನ ಪಾಚಿಯ ಜೊತೆಗೆ ಮೀನೂ ಉಳಿದಿರಲಿಲ್ಲ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನಗಳಲ್ಲಿ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟ ಮೇಲೆಯೇ ತೊಟ್ಟಿಗೆ ಹಾಕಿ.

ಪಾಚಿ ಮುಗಿದ ಮೇಲೆ ಈ ಮೀನುಗಳಿಗೆ ಹಸಿವಿಲ್ಲವೆಂದಲ್ಲ. ವಾರಕ್ಕೆ ಎರಡು ಸಲ ಬಾಡಿಸಿದ ಬಸಳೆ ಎಲೆ ಅಥವಾ ಸೌತೆಕಾಯಿಯ ಚೂರು ಹಾಕಿ, ಮರುದಿನ ಉಳಿದುದನ್ನು ತೆಗೆಯಿರಿ. ಔಷಧಿ ಸಿಂಪಡಿಸಿದ ತರಕಾರಿ ಬೇಡ. ತೊಟ್ಟಿಯಿಂದ ತೆಗೆದ ನೀರನ್ನು ತೋಡಿಗೆ ಚೆಲ್ಲದೆ ಬಾಳೆಯ ಬುಡಕ್ಕೆ ಹಾಕಿ. ಗೊಬ್ಬರವೂ ಆಯಿತು, ಮರಿ, ಮೊಟ್ಟೆ, ಹುಳು ಹೊಳೆ ಸೇರುವುದೂ ತಪ್ಪಿತು.

ಪುತ್ತೂರು, ಮಂಗಳೂರಿನಿಂದ ಮೀನು ತರುವವರು ಬೆಳಗಿನ ತಂಪಿನಲ್ಲಿ ಹೊರಟು ಬರಲಿ. ಚೀಲವನ್ನು ಬಸ್ಸಿನ ಇಂಜಿನ್ನಿನ ಬಳಿ ಇಡಬಾರದು. ಮನೆಗೆ ಬಂದ ಕೂಡಲೇ ಸುರಿಯದೆ, ಚೀಲವನ್ನು ಹಾಗೆಯೇ ನೀರಿನಲ್ಲಿ ಇಪ್ಪತ್ತು ನಿಮಿಷ ತೇಲಿಸಿ. ಆಮೇಲೆ ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ನಿಮ್ಮ ನೀರು ಸೇರಿಸಿ, ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬೇರೊಂದು ಬಕೆಟ್ಟಿಗೆ ಬಿಡಿ. ಎರಡು ವಾರ ಅಲ್ಲಿಯೇ ಇರಲಿ. ರೋಗವೇನೂ ಕಾಣದಿದ್ದರೆ ತೊಟ್ಟಿಗೆ ಬಿಡಬಹುದು.