ಬರೆದಿಡದ ಮಾತಿನ ಸೊಗಸು

ಸಕಲೇಶಪುರ ಆಲೂರುಗಳ ಬೆಟ್ಟಸೀಮೆಯಲ್ಲಿ ಮುಂಗಾರು ಹಿಡಿಯಿತೆಂದರೆ ಬಯಲಿನಲ್ಲಿ ಆಟವಾಡುವುದು ಸಾಗದ ಮಾತು. ಶಿರಾಡಿ ಘಟ್ಟದ ಕೆಳಗಿನ ದಕ್ಷಿಣ ಕನ್ನಡದಲ್ಲಿಯೂ ಹಾಗೆಯೇ. ಅಲ್ಲಿಯ ಯಕ್ಷಗಾನ ಮೇಳಗಳು ದೀಪಾವಳಿಯ ಸುಮಾರಿಗೆ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು ಹಿಂದಿನಿಂದ ಬಂದ ಪದ್ಧತಿ. ಆದರೆ ಮಳೆಗೆ ವೇಷ ನಿಂತರೂ ಮಾತು ನಿಲ್ಲಲಿಲ್ಲ. ಬಣ್ಣ, ಕಿರೀಟ, ಕುಣಿತ ಇವೊಂದೂ ಇಲ್ಲದೆ, ಸೂರಿನಡಿಯಲ್ಲಿ ಕುಳಿತು ಅದೇ ಕಥೆಯನ್ನು ಮಾತಿನಿಂದಲೇ ನಡೆಯಿಸುವ ತಾಳಮದ್ದಳೆಯು ಮಳೆಗಾಲದ ಬಿಡುವಿನಲ್ಲಿ ಬೆಳೆದ ಕಲೆ. ಈಗ ಅದು ವರ್ಷವಿಡೀ ನಡೆಯುವುದುಂಟು. ಕಾಫಿ ತೋಟಗಳ ದುಡಿಮೆಗೆಂದು ಘಟ್ಟವೇರಿ ಬಂದು ಇಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳಿಗಂತೂ ಇದು ತವರಿನ ಕಲೆ. ಅದರ ಜೀವಾಳವಾದ ಆಶುವಚನದ ವಿಷಯವಾಗಿ ನಾವು ಇಲ್ಲಿ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ತಾಳಮದ್ದಳೆಯಲ್ಲಿ ಭಾಗವತರು ಪ್ರಸಂಗದ ಪದ್ಯವನ್ನು ಹಾಡುವರು. ಮದ್ದಳೆ ಚೆಂಡೆಗಳು ಜೊತೆಗೂಡುವುವು. ಪದ್ಯ ಮುಗಿದೊಡನೆ ಪಾತ್ರ ವಹಿಸಿದ ಅರ್ಥಧಾರಿಯು ಅದರ ಅರ್ಥವನ್ನು ಗದ್ಯದಲ್ಲಿ ಹೇಳತಕ್ಕದ್ದು. ಪದ್ಯವು ಹಿಂದೆಯೇ ಬರೆದಿಟ್ಟದ್ದು. ಗದ್ಯವಾದರೋ ಎಲ್ಲಿಯೂ ಬರೆದಿಲ್ಲ. ಎರಡು ಸಾಲಿನ ಪದ್ಯಕ್ಕೆ ಅರ್ಧ ಗಂಟೆಯ ಮಾತು ಬೆಳೆಯಬಹುದು. ಅದನ್ನು ಆ ಕ್ಷಣದಲ್ಲಿಯೇ ಕಟ್ಟಬೇಕು.

ವಾಲಿಯ ವಧೆಯ ಪ್ರಸಂಗವನ್ನು ನೋಡೋಣ. ಮರೆಯಲ್ಲಿ ನಿಂತು ರಾಮನು ಬಿಟ್ಟ ಬಾಣದಿಂದ ಕೆಡೆದ ವಾಲಿಯು, ಎದುರಿಗೆ ಬಾರದೆ ಕೊಂದುದು ಯಾವ ಧರ್ಮವೆಂದು ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಮಗಳಂತೆ ಕಾಣಬೇಕಾದ ಅಣ್ಣನು ಅವಳನ್ನು ಕಸಿದುಕೊಂಡನೆಂಬುದು ರಾಮನ ಉತ್ತರ. ಇಷ್ಟನ್ನು ಸಭೆಯವರೆಲ್ಲರೂ ಬಲ್ಲರು. ಅವರು ಅರಿಯದುದೆಂದರೆ, ಇಂದಿನ ವಾಲಿಯು ಆ ಪ್ರಶ್ನೆಯನ್ನು ಯಾವ ಬಗೆಯಲ್ಲಿ ಎತ್ತುವನು, ಇಂದಿನ ರಾಮನು ಅದಕ್ಕೆ ಏನು ಹೇಳುವನು ಎಂಬುದು. ಅದನ್ನು ರಾಮನ ಅರ್ಥಧಾರಿಯೂ ಅರಿಯನು! ಎದುರಾಳಿಯು ಹಿಂದೆಂದೂ ಕೇಳದ ಪ್ರಶ್ನೆಯೊಂದನ್ನು ಎಸೆದಾಗ ಸಭೆಯು ಉಸಿರು ಹಿಡಿದು ಕುಳಿತಿರುತ್ತದೆ. ತಕ್ಕ ಉತ್ತರವು ಹೊರಟಾಗ ಹೇಳಿದವನಿಗೂ ಕೇಳಿದವರಿಗೂ ಒಟ್ಟಿಗೇ ಆಗುವ ರೋಮಾಂಚನವೇ ಈ ಕಲೆಯ ಫಲ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪಾತ್ರಗಳ ಪಕ್ಷವನ್ನು ಎತ್ತಿ ಹಿಡಿದು ಆಡುತ್ತಿದ್ದ ಅರ್ಥದಿಂದಲೇ ನಾಡಿನಲ್ಲಿ ಹೆಸರಾದರು.

ಆಶುವಚನವೆಂದರೆ ಬಾಯಿಗೆ ಬಂದುದನ್ನು ಆಡುವುದೆಂದು ಕೆಲವರು ತಿಳಿಯುವರು. ಅದು ಸರಿಯಲ್ಲ. ಇಲ್ಲಿ ಸ್ವಾತಂತ್ರ್ಯವಿರುವಂತೆ ಕಟ್ಟುಪಾಡೂ ಉಂಟು. ವಾಲಿಯು ವಾದದಲ್ಲಿ ಗೆದ್ದರೂ ಕಥೆಯಲ್ಲಿ ಸಾಯಲೇಬೇಕು. ಕಡೆಗೆ ಮಗನಾದ ಅಂಗದನನ್ನು ಒಪ್ಪಿಸಿ ಶಾಂತನಾಗಬೇಕು. ಮಾತು ಪಾತ್ರದ ಯೋಗ್ಯತೆಗೆ ಹೊಂದಬೇಕು; ಇಂಗ್ಲಿಷ್ ಪದವೊಂದು ನುಸುಳಿದರೂ ತ್ರೇತಾಯುಗವು ಕಣ್ಣೆದುರಿನಿಂದ ಮಾಯವಾಗುವುದು. ಮಾತು ಅಳತೆ ಮೀರಿದರೆ ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಂಡು ಅದಕ್ಕೆ ಕಡಿವಾಣ ಹಾಕುವರು. ಇಂತಹ ಎಡೆಯಲ್ಲಿ ನಿಲ್ಲಬೇಕಾದರೆ ತೊರವೆ ರಾಮಾಯಣ, ಕುಮಾರವ್ಯಾಸ ಭಾರತ ಮೊದಲಾದವುಗಳ ದೀರ್ಘ ಪರಿಚಯ ಬೇಕು. ಅದಕ್ಕಿಂತಲೂ ಮಿಗಿಲಾಗಿ ಎದುರಿನವರ ಮಾತನ್ನು ಕಿವಿಗೊಟ್ಟು ಕೇಳುವ ತಾಳ್ಮೆ ಬೇಕು. ತಾನು ಮುಂದೆ ಏನು ಹೇಳಲೆಂದು ಮಾತ್ರ ಚಿಂತಿಸುತ್ತ ಕುಳಿತವನಿಗೆ ಪ್ರಶ್ನೆಯೇ ಕೇಳಿಸದು. ಪ್ರಶ್ನೆ ಕೇಳಿಸದವನಿಗೆ ಉತ್ತರವು ಎಲ್ಲಿಂದ ಹೊಳೆದೀತು?

ಈ ಬಗೆಯ ಕಲೆ ಅನ್ಯದೇಶಗಳಲ್ಲಿಯೂ ಇತ್ತು. ಹದಿನಾರನೆಯ ಶತಮಾನದ ಇಟಲಿಯಲ್ಲಿ ನಟರು ಕಥೆಯ ಹಂದರವನ್ನು ಮಾತ್ರ ಗೊತ್ತುಮಾಡಿಕೊಂಡು, ಮಾತುಗಳನ್ನು ರಂಗದ ಮೇಲೆಯೇ ಹೆಣೆಯುತ್ತಿದ್ದರು. ಆ ತಂಡಗಳಲ್ಲಿ ಸ್ತ್ರೀಯರೂ ಇದ್ದರು. ರಂಗದ ಹೊರಗೂ ಈ ಶಕ್ತಿಗೆ ನಿದರ್ಶನವುಂಟು. ಪರೀಕ್ಷಿಸಲು ಬಂದ ಶಾಸ್ತ್ರಜ್ಞನು ನೆರೆಯವನು ಯಾರೆಂದು ಕೇಳಿದಾಗ, ನಮ್ಮ ಕರ್ತನು ಲಕ್ಷಣ ವಿವರಿಸಲು ತೊಡಗದೆ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಹೇಳಿ, ಕೇಳಿದವನ ಬಾಯಿಂದಲೇ ಉತ್ತರವನ್ನು ಹೊರಡಿಸಿದುದನ್ನು ನಮ್ಮ ವಿದ್ಯಾರ್ಥಿನಿಯರು ಬಲ್ಲರು.

ಇಷ್ಟನ್ನು ಹೇಳಿದುದಕ್ಕೆ ಕಾರಣವುಂಟು. ನಮ್ಮ ಹೆಣ್ಣುಮಕ್ಕಳು ಪಾಠವನ್ನು ಕಂಠಪಾಠ ಮಾಡುವುದರಲ್ಲಿ ಯಾರಿಗೂ ಹಿಂದೆಬೀಳರು. ಆದರೆ ಓದಿದ ಪುಸ್ತಕದಲ್ಲಿಲ್ಲದ ಪ್ರಶ್ನೆಯನ್ನು ಯಾರಾದರೂ ಕೇಳಿದೊಡನೆ ತಲೆ ತಗ್ಗಿಸುವರು. ಶಾಲೆಯ ನಾಟಕದಲ್ಲಿ ಒಬ್ಬಳು ಮಾತು ಮರೆತಾಗ ಎದುರಿನವಳು ಪಾತ್ರ ಬಿಡದೆ ಒಂದು ಪ್ರಶ್ನೆ ಕೇಳಿ ಅವಳನ್ನು ದಡಕ್ಕೆ ತಂದರೆ, ಅದು ನೂರು ಸಾಲುಗಳ ಕಂಠಪಾಠಕ್ಕಿಂತ ಹೆಚ್ಚಿನ ವಿದ್ಯೆಯೆಂದು ನಾವು ಎಣಿಸುತ್ತೇವೆ. ಮುಂದೆ ಕಚೇರಿಯಲ್ಲಿಯೋ ಗ್ರಾಮಸಭೆಯಲ್ಲಿಯೋ ಮನೆಯ ಹಿರಿಯರ ಮುಂದೆಯೋ ಅವಳಿಗೆ ನೆರವಾಗತಕ್ಕದ್ದು ಇದೇ.

ಹೆಣ್ಣುಮಕ್ಕಳಿಗೆ ರಂಗವೇಕೆ ಎಂದು ಅಳುಕುವ ತಾಯಿತಂದೆಗಳು ಈಗಲೂ ಇರಬಹುದು. ಯಕ್ಷಗಾನದಲ್ಲಿ ಬಹುಕಾಲ ಸ್ತ್ರೀಪಾತ್ರಗಳನ್ನೂ ಗಂಡಸರೇ ವಹಿಸುತ್ತಿದ್ದುದು ನಿಜ. ಆದರೆ 1947ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿ, ಹಿಮ್ಮೇಳದ ಮುಖ್ಯಸ್ಥಾನವು ಹೆಣ್ಣಿಗೂ ಸಲ್ಲುವುದೆಂದು ತೋರಿಸಿಕೊಟ್ಟರು. ಅವರು 2024ರಲ್ಲಿ ದಿವಂಗತರಾದರು. ಇಂದು ಕರಾವಳಿಯಲ್ಲಿ ಸ್ತ್ರೀಯರೇ ಕೂಡಿ ಅರ್ಥ ಹೇಳುವ ತಂಡಗಳು ಹಲವಿವೆ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಮಳೆಗಾಲದ ಒಂದು ಸಂಜೆ ಮಕ್ಕಳನ್ನು ಸುತ್ತ ಕುಳ್ಳಿರಿಸಿಕೊಂಡು, ಅವರು ಬಲ್ಲ ಕಥೆಯೊಂದನ್ನು ಎತ್ತಿ, ಒಬ್ಬಳನ್ನು ವಾಲಿಯ ಪಕ್ಷದಲ್ಲಿಯೂ ಇನ್ನೊಬ್ಬಳನ್ನು ರಾಮನ ಪಕ್ಷದಲ್ಲಿಯೂ ನಿಲ್ಲಿಸಿರಿ. ಪುಸ್ತಕವನ್ನು ಮುಚ್ಚಿಡಿರಿ. ಮೊದಲು ತೊದಲಿದರೆ ನಗಬೇಡಿರಿ. ತನ್ನ ಮಾತು ತನಗೆ ಹೊಳೆದಾಗ ಆ ಮಗುವಿನ ಮುಖದಲ್ಲಿ ಮೂಡುವ ಬೆಳಕನ್ನು ನೀವೇ ನೋಡುವಿರಿ.