ಯೂರಿಯಾ ಬೈಪಾಸ್: ಮಾಲೀಕನಿಗೆ ಉಳಿತಾಯ, ಊರಿಗೆ ಹೊಗೆ

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಲೋಡಿಗೆ ಕಾದು ನಿಂತ ಲಾರಿಗಳ ನಡುವೆ ಒಂದು ಸುತ್ತು ಹಾಕಿದರೆ ಮೂರು ಕಾಲದ ಡೀಸೆಲ್ ಎಂಜಿನ್‌ಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಹಳೆಯ ಬಿಎಸ್-3 ಗಾಡಿಗಳಲ್ಲಿ ಹೊಗೆ ಶುದ್ಧಿ ಮಾಡುವ ಸಾಧನ ಹೆಚ್ಚೇನೂ ಇಲ್ಲ. ದೇಶದಾದ್ಯಂತ ಬಿಎಸ್-4 ಕಡ್ಡಾಯವಾದ 2017ರ ಏಪ್ರಿಲ್‌ನಿಂದ ಬಂದ ಅನೇಕ ದೊಡ್ಡ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ಯೂರಿಯಾ ದ್ರವ ತುಂಬುವ, ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕ್ ಇದೆ. ಅದಕ್ಕೇ ಅವು 'ಯೂರಿಯಾ ಗಾಡಿ'. 2020ರ ಏಪ್ರಿಲ್ ನಂತರದ ಬಿಎಸ್-6 ಲಾರಿಗಳಲ್ಲಿ ಇದರ ಜೊತೆಗೆ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಕೂಡ ಸೇರಿದೆ.

ವಾರಂಟಿ ಮುಗಿದ ಮೇಲೆ ಈ ಸಾಧನಗಳೇ ಮಾಲೀಕರಿಗೆ ತಲೆನೋವು. ಮೀಟರಿನಲ್ಲಿ ದೀಪ ಹತ್ತುತ್ತದೆ, ಎಂಜಿನ್ ತಾನಾಗಿಯೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ, ಲೋಡಿದ್ದ ಗಾಡಿ ಏರಿನಲ್ಲಿ ಎಳೆಯುವುದಿಲ್ಲ. ಕಂತು ಕಟ್ಟಬೇಕಾದವನಿಗೆ ಒಂದು ಟ್ರಿಪ್ ತಪ್ಪಿದರೂ ನಷ್ಟ. ಆಗ ಯಾರೋ ಒಬ್ಬರು ಸುಲಭದ ದಾರಿ ಹೇಳಿಕೊಡುತ್ತಾರೆ: ಡಿಪಿಎಫ್ ಬಿಚ್ಚಿ ಒಳಗಿನದನ್ನು ಕುಟ್ಟಿ ತೆಗೆಸು, ಯೂರಿಯಾ ಪಂಪ್ ಕಳಚಿ ಸುಳ್ಳು ಸಂಕೇತ ಕೊಡುವ ಎಮ್ಯುಲೇಟರ್ ಸಿಕ್ಕಿಸು, ಸಾಫ್ಟ್‌ವೇರ್ ತಿದ್ದಿಸು. ದೀಪ ಆರುತ್ತದೆ, ಗಾಡಿ ಓಡುತ್ತದೆ. ಮಾಲೀಕನ ಕಷ್ಟ ಸುಳ್ಳಲ್ಲ. ಆದರೆ ಈ ಪರಿಹಾರ ತಪ್ಪು.

ಫಿಲ್ಟರ್ ಯಾಕೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಡಿಪಿಎಫ್ ಒಳಗೆ ಸಣ್ಣ ಕೊಳವೆಗಳ ಸೆರಾಮಿಕ್ ಜಾಲ ಇರುತ್ತದೆ. ಅಲ್ಲಿ ನಿಂತ ಮಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟುಹೋಗಬೇಕು. ಮುಳಬಾಗಿಲು, ನಂಗಲಿ ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವ ಲಾರಿಗೆ ಈ ಕಾವು ಸಲೀಸಾಗಿ ಸಿಗುತ್ತದೆ. ಮಾಲೂರಿನ ಟೇಕಲ್ ಕಡೆಯ ಕ್ರಷರ್‌ನಿಂದ ಜಲ್ಲಿ ತುಂಬಿ ಹತ್ತಾರು ಕಿಲೋಮೀಟರ್ ಹೋಗಿ, ಇಳಿಸಿ, ಮತ್ತೆ ಸಾಲಿನಲ್ಲಿ ಎಂಜಿನ್ ಆರಿಸದೆ ನಿಲ್ಲುವ ಟಿಪ್ಪರ್‌ಗೆ ಸಿಗುವುದಿಲ್ಲ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗಳ ಮುಂದೆ ಇಂಚಿಂಚೇ ಸರಿಯುವ ಗಾಡಿಗಳದೂ ಅದೇ ಪಾಡು. ಎಂಜಿನ್ ಒಂದೇ, ಫಿಲ್ಟರ್ ಒಂದೇ, ದುಡಿಮೆಯ ರೀತಿ ಬೇರೆ. ಸುಡುವ ಕೆಲಸ ಅರ್ಧಕ್ಕೆ ನಿಂತು ನಿಂತು ಮಸಿ ಗಟ್ಟಿಯಾಗುತ್ತದೆ. ಜೊತೆಗೆ ಇಂಜೆಕ್ಟರ್ ಸೋರುತ್ತಿದ್ದರೆ, ಟರ್ಬೊ ಆಯಿಲ್ ಬಿಡುತ್ತಿದ್ದರೆ, ಕ್ರಷರ್ ಧೂಳಿನಿಂದ ಏರ್ ಫಿಲ್ಟರ್ ತುಂಬಿದ್ದರೆ ಡಿಪಿಎಫ್ ಇನ್ನೂ ಬೇಗ ಕಟ್ಟುತ್ತದೆ. ರೋಗ ಎಂಜಿನ್‌ನಲ್ಲಿದ್ದಾಗ ಫಿಲ್ಟರ್ ಕಿತ್ತರೆ ರೋಗ ಅಲ್ಲೇ ಉಳಿಯುತ್ತದೆ.

ಯೂರಿಯಾ ವ್ಯವಸ್ಥೆಯ ಕಥೆ ಬೇರೆ. ಆ ಟ್ಯಾಂಕಿಗೆ ಹಾಕಬೇಕಾದ ದ್ರವದಲ್ಲಿ ಶೇ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಬಿಸಿ ಹೊಗೆಗೆ ಅದನ್ನು ಸಿಂಪಡಿಸಿದಾಗ ಅಮೋನಿಯ ಆಗಿ, ಕ್ಯಾಟಲಿಸ್ಟಿನ ಮೇಲೆ ನೈಟ್ರೋಜನ್ ಆಕ್ಸೈಡ್‌ಗಳನ್ನು ನೈಟ್ರೋಜನ್ ಮತ್ತು ನೀರಾಗಿ ಒಡೆಯುತ್ತದೆ. ದುಡ್ಡು ಉಳಿಸಲು ಹೊಲಕ್ಕೆ ಹಾಕುವ ಬೇವು ಲೇಪಿತ ಯೂರಿಯಾವನ್ನು ನಲ್ಲಿ ನೀರಿನಲ್ಲಿ ಕಲಸಿ ಸುರಿದರೆ ನಳಿಗೆಯ ತುದಿಯಲ್ಲಿ ಉಪ್ಪಿನಂಥ ಬಿಳಿ ಗಡ್ಡೆ ಕಟ್ಟುತ್ತದೆ, ನೀರಿನ ಸುಣ್ಣದಂಶ ಕ್ಯಾಟಲಿಸ್ಟನ್ನು ಹಾಳುಮಾಡುತ್ತದೆ. ಗಡ್ಡೆ ಹೊಸದಾಗಿದ್ದಾಗಲೇ ನಳಿಗೆ ಬಿಚ್ಚಿ ಬಿಸಿನೀರಿನಲ್ಲಿ ಇಟ್ಟರೆ ಕರಗಿಬಿಡುತ್ತದೆ. ಅಷ್ಟರಲ್ಲೇ ಮುಗಿಯುವ ಕೆಲಸಕ್ಕೆ ಇಡೀ ವ್ಯವಸ್ಥೆಯನ್ನೇ ಕಿತ್ತುಹಾಕುವುದು ಯಾವ ಲೆಕ್ಕ? ರೈತನ ಸಬ್ಸಿಡಿ ಗೊಬ್ಬರ ಲಾರಿಗೆ ಹೋಗುವುದು ಬೇರೆಯೇ ಅಪರಾಧ.

ಕಿತ್ತದ್ದು ಎಷ್ಟು ದೊಡ್ಡದು ಎಂದು ತಿಳಿಯಲು ಒಂದು ಅಂಕಿ ಸಾಕು. ಲಾರಿ ಎಂಜಿನ್ ಒಂದು ಕಿಲೋವ್ಯಾಟ್ ಗಂಟೆ ಕೆಲಸಕ್ಕೆ ಉಗುಳಬಹುದಾದ ನೈಟ್ರೋಜನ್ ಆಕ್ಸೈಡ್ ಬಿಎಸ್-3ರಲ್ಲಿ 5 ಗ್ರಾಂ, ಬಿಎಸ್-4ರಲ್ಲಿ 3.5 ಗ್ರಾಂ, ಬಿಎಸ್-6ರಲ್ಲಿ ಅರ್ಧ ಗ್ರಾಂಗೂ ಕಡಿಮೆ. ಈ ಅನಿಲ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಎಮಿಷನ್ ಟೆಸ್ಟ್ ಕೇಂದ್ರಗಳಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ಕಪ್ಪು ಎಂದಷ್ಟೇ ಅಳೆಯುತ್ತಾರೆ. ಹಾಗಾಗಿ ಯೂರಿಯಾ ಬೈಪಾಸ್ ಆದ ಲಾರಿಯೂ ಸರ್ಟಿಫಿಕೇಟ್ ಹಿಡಿದು ಹೊರಬರಬಲ್ಲದು. ಈ ಕುರುಡುತನವೇ ಬೈಪಾಸ್ ದಂಧೆಯ ಬಂಡವಾಳ. ಇನ್ನು ಮಸಿಯ ಮಾತು: ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಘೋಷಿಸಿದೆ. ಅದನ್ನು ಮೊದಲು ಕುಡಿಯುವವರು ಮಂಡಿಯಲ್ಲಿ ಕ್ರೇಟ್ ಹೊರುವ ಹಮಾಲಿಗಳು, ಕ್ಲೀನರ್ ಹುಡುಗರು, ಸ್ವತಃ ಚಾಲಕ.

ಕಾನೂನು ಸ್ಪಷ್ಟವಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಬಂದ 182ಎ ಕಲಂ ಅಂಥ ಪ್ರತಿ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಎನ್ನುತ್ತದೆ, ಎರಡೂ ಆಗಬಹುದು. ಹಾಗೆಂದು ದಂಡದ ಮಾತೊಂದೇ ಸಾಲದು. ಅಮೆರಿಕದಲ್ಲೂ ಲಾರಿಯವರ ಗೋಳು ಇದೇ ಆಗಿತ್ತು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಪರಿಸರ ಸಂಸ್ಥೆ, ಯೂರಿಯಾ ದ್ರವ ಮುಗಿದ ತಕ್ಷಣ ಎಂಜಿನ್ ಶಕ್ತಿ ದಿಢೀರನೆ ಕುಸಿಯದಂತೆ ಸಾಫ್ಟ್‌ವೇರ್ ತಿದ್ದಲು ತಯಾರಕರಿಗೆ ಹೇಳಿತು. ಸಾಧನ ಕೀಳಿ ಎನ್ನಲಿಲ್ಲ. ಚಾಲಕನ ದೂರಿಗೆ ಕಿವಿಗೊಡುವ ಆ ಕ್ರಮ ನಮಗೂ ಬೇಕು.

ಲಾರಿ ಮಾಲೀಕರಲ್ಲಿ ಒಂದು ವಿನಂತಿ. ದೀಪ ಹತ್ತಿದರೆ ಮೊದಲು ಸ್ಕ್ಯಾನರ್ ಹಾಕಿಸಿ ಕೋಡ್ ನೋಡಿ, ಇಂಜೆಕ್ಟರ್, ಟರ್ಬೊ, ಏರ್ ಫಿಲ್ಟರ್ ಪರೀಕ್ಷಿಸಿ. ಕಂಪನಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಿ. ಟಿಪ್ಪರ್‌ಗೆ ಆಗಾಗ ಹೆದ್ದಾರಿಯ ದೀರ್ಘ ಓಟ ಕೊಡಿ, ಆಗದಿದ್ದರೆ ಗಾಡಿ ನಿಲ್ಲಿಸಿ ಮಸಿ ಸುಡುವ ರೀಜನರೇಷನ್ ಮಾಡಿಸಿ. ಬೂದಿ ತುಂಬಿದ ಡಿಪಿಎಫ್ ಅನ್ನು ಯಂತ್ರದಲ್ಲಿ ತೊಳೆಸಿದರೆ ಮತ್ತೆ ಬಳಕೆಗೆ ಬರುತ್ತದೆ. ಅದರ ಕ್ಯಾಟಲಿಸ್ಟ್ ಲೇಪದಲ್ಲಿ ಪ್ಲಾಟಿನಂನಂಥ ಬೆಲೆಬಾಳುವ ಲೋಹ ಇರುತ್ತದೆ, ಗುಜರಿಗೆ ಬಿಟ್ಟುಕೊಡಬೇಡಿ. ಸೆಕೆಂಡ್ ಹ್ಯಾಂಡ್ ಬಿಎಸ್-6 ಲಾರಿ ಕೊಳ್ಳುವವರು ಸೈಲೆನ್ಸರ್ ತಣ್ಣಗಿದ್ದಾಗ ಕೊಳವೆಯೊಳಗೆ ಬೆರಳಾಡಿಸಿ ನೋಡಲಿ. ಫಿಲ್ಟರ್ ಸರಿಯಿದ್ದರೆ ಮಸಿ ಹತ್ತುವುದಿಲ್ಲ. ಬೆರಳು ಕಪ್ಪಾದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಒಳಗೆ ಇಲ್ಲ.

ಸಾರಿಗೆ ಇಲಾಖೆ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ ಬಂದ ಪ್ರತಿ ಯೂರಿಯಾ ಗಾಡಿಯ ಸ್ಕ್ಯಾನ್ ಕಡ್ಡಾಯ ಮಾಡಲಿ, ನೈಟ್ರೋಜನ್ ಆಕ್ಸೈಡ್ ಅಳೆಯಲು ಶುರುಮಾಡಲಿ. ತಯಾರಕರು ಡಿಪಿಎಫ್ ತೊಳೆಯುವ ಸೇವೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ತಾಲ್ಲೂಕು ಕೇಂದ್ರಗಳಲ್ಲೂ ಸಣ್ಣ ಮಾಲೀಕರ ಕೈಗೆಟಕುವ ದರಕ್ಕೆ ಸಿಗುವಂತೆ ಮಾಡಲಿ.